ಇಂಗ್ಲೆಂಡಿನ ಮರದ ಚೌಕಟ್ಟಿನ ಪಟ್ಟಣದ ಮನೆಗಳು

ಓಕ್ ಮರದ ಕಂಬ, ತೊಲೆ, ಜಂತೆಗಳನ್ನು ಒಂದಕ್ಕೊಂದು ಕಚ್ಚಿಸಿ ನಿಲ್ಲಿಸಿದ ಚೌಕಟ್ಟು ಮನೆಯ ಭಾರವನ್ನೆಲ್ಲ ಹೊರುತ್ತದೆ. ಗೋಡೆಯ ಕೆಲಸ ಗಾಳಿ ಮಳೆಗೆ ಮರೆಯಾಗುವುದಷ್ಟೇ. ಈ ಕಟ್ಟಡ ಪದ್ಧತಿ ಇಂಗ್ಲೆಂಡಿನಲ್ಲಿ 13ನೇ ಶತಮಾನದಿಂದ 17ನೇ ಶತಮಾನದ ನಡುವಿನವರೆಗೆ ಬಳಕೆಯಲ್ಲಿತ್ತು. ಕಟ್ಟಡದ ಕಲ್ಲು ಸುಲಭವಾಗಿ ಸಿಗುವ ಪ್ರದೇಶಗಳನ್ನು ಬಿಟ್ಟರೆ ಉಳಿದ ಪಟ್ಟಣಗಳ ವರ್ತಕರು, ಕಸುಬುದಾರರು, ಹೋಟೆಲಿನವರು ಬಹುಪಾಲು ಇಂಥ ಮನೆಗಳಲ್ಲೇ ಬಾಳಿದರು, ವ್ಯಾಪಾರ ಮಾಡಿದರು. ಅವುಗಳಲ್ಲಿ ಇಂದು ಉಳಿದಿರುವುದು ಅಲ್ಪ ಪಾಲು. ಅವು ಉಳಿಯುವುದಕ್ಕೆ ಜನರ ಅಭಿಮಾನಕ್ಕಿಂತ ಊರಿನ ಬಡತನ, ಮರೆವು ಮತ್ತು ಮರದ ಮೇಲೆ ಬಳಿದ ಗಾರೆ ಹೆಚ್ಚು ನೆರವಾದವು. ಅಭಿಮಾನ ಹುಟ್ಟಿದ ಮೇಲೆ ನಡೆದ ಜೀರ್ಣೋದ್ಧಾರ ಕೆಲವು ಮನೆಗಳ ಚಹರೆಯನ್ನೇ ಬದಲಿಸಿಬಿಟ್ಟಿತು.

ಕಟ್ಟುವ ಬಗೆ

ಬಡಗಿಗಳು ಓಕ್ ಮರವನ್ನು ಒಣಗಿಸದೆ, ಕಡಿದ ಒಂದೆರಡು ವರ್ಷದೊಳಗೆ ಹಸಿಯಾಗಿಯೇ ಬಳಸುತ್ತಿದ್ದರು. ಒಣಗಿದ ಓಕ್ ಉಳಿಗೆ ಸುಲಭವಾಗಿ ಮಣಿಯುವುದಿಲ್ಲ. ಹಸಿ ಮರವನ್ನು ಕೊಡಲಿ, ಗರಗಸ, ಉಳಿಗಳಿಂದ ಬೇಕಾದಂತೆ ತಿದ್ದಬಹುದು. ಚೌಕಟ್ಟಿನಲ್ಲಿ ಕೂತ ಮೇಲೆ ಮರ ನಿಧಾನವಾಗಿ ಒಣಗುತ್ತ, ಕುಗ್ಗುತ್ತ, ತಿರುಚಿಕೊಳ್ಳುತ್ತ ಹೋಗುತ್ತದೆ. ಇಂಥ ಮನೆಗಳಲ್ಲಿ ಕಾಣುವ ವಾಲಿದ ಬಾಗಿಲು, ಏರಿಳಿಯುವ ನೆಲ, ಡೊಂಕು ಕಿಟಕಿಗಳಿಗೆ ಹೆಚ್ಚಿನ ಸಲ ಇದೇ ಕಾರಣ. ಅವು ಮನೆ ಬೀಳುವ ಸೂಚನೆಯೆಂದು ಭಾವಿಸಬೇಕಿಲ್ಲ. ವಾಲಿದ ಸ್ಥಿತಿಯಲ್ಲೇ ನಾಲ್ಕು ಶತಮಾನ ಗಟ್ಟಿಯಾಗಿ ನಿಂತ ಮನೆಗಳಿವೆ.

ಮನೆ ಮೊದಲು ತಯಾರಾಗುತ್ತಿದ್ದುದು ಬಡಗಿಯ ಅಂಗಳದಲ್ಲಿ. ಒಂದೊಂದು ಗೋಡೆಯ ಮರಗಳನ್ನೂ ನೆಲದ ಮೇಲೆ ಮಲಗಿಸಿ ಜೋಡಿಸಿ, ಒಂದರ ತುದಿಯಲ್ಲಿ ನಾಲಗೆ ಬಿಡಿಸಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಗುಳಿ ತೋಡುತ್ತಿದ್ದರು. ಪ್ರತಿ ಮರವೂ ತನ್ನ ಪಕ್ಕದ ಮರದ ಅಂಕುಡೊಂಕಿಗೆ ತಕ್ಕಂತೆ ಕೊರೆದದ್ದಾದ್ದರಿಂದ ಅದನ್ನು ಬೇರೆಡೆ ಕೂರಿಸಲಾಗುತ್ತಿರಲಿಲ್ಲ. ಅದಕ್ಕಾಗಿ ಕೀಲುಗಳ ಮೇಲೆ ರೋಮನ್ ಅಂಕಿಗಳನ್ನು ಹೋಲುವ ಗೀಟುಗಳನ್ನು ಕೊರೆದು, ಎಲ್ಲವನ್ನೂ ಬಿಚ್ಚಿ, ಗಾಡಿಯಲ್ಲಿ ನಿವೇಶನಕ್ಕೆ ಸಾಗಿಸಿ ಮತ್ತೆ ಎತ್ತಿ ನಿಲ್ಲಿಸುತ್ತಿದ್ದರು. ಗುಳಿಯ ತೂತಿಗೂ ನಾಲಗೆಯ ತೂತಿಗೂ ನಡುವೆ ಕೂದಲೆಳೆಯಷ್ಟು ವ್ಯತ್ಯಾಸ ಬೇಕೆಂದೇ ಇಡುತ್ತಿದ್ದರು. ಓಕ್ ಮೊಳೆಯನ್ನು ಬಡಿದು ಇಳಿಸಿದಾಗ ಅದು ಎರಡು ಮರಗಳನ್ನೂ ಒತ್ತಿ ಎಳೆದು ಕೀಲನ್ನು ಬಿಗಿ ಮಾಡುತ್ತಿತ್ತು. ಮುಖ್ಯ ಕೀಲುಗಳಿಗೆ ಕಬ್ಬಿಣ ಬೇಕಾಗುತ್ತಿರಲಿಲ್ಲ. ಹೀಗೆ ಬಿಚ್ಚಿ ಜೋಡಿಸಿದ ಮನೆಯನ್ನು ಮುಂದೆಂದಾದರೂ ಮತ್ತೆ ಬಿಚ್ಚಲು ಸಾಧ್ಯವಿರುವುದು ಇಪ್ಪತ್ತನೇ ಶತಮಾನದ ಸಂರಕ್ಷಣೆಗೆ ದೊಡ್ಡ ಅನುಕೂಲವಾಯಿತು. ಇಂಥ ಮನೆಗಳ ತೊಲೆಗಳು ಒಡೆದ ಹಡಗುಗಳಿಂದ ಬಂದವೆಂದು ಊರೂರಲ್ಲಿ ಕಥೆ ಹೇಳುತ್ತಾರೆ. ಸಮುದ್ರದಿಂದ ಬಹುದೂರವಿರುವ ಊರುಗಳಲ್ಲೂ ಅದೇ ಕಥೆ ಕೇಳಿಬರುತ್ತದೆ! ತೊಲೆಯಲ್ಲಿ ಕಾಣುವ ಖಾಲಿ ಗುಳಿಗಳು ಸಾಮಾನ್ಯವಾಗಿ ಹಿಂದೆ ಅಲ್ಲಿದ್ದು ತೆಗೆದುಹಾಕಿದ ಗೋಡೆಯವು, ಇಲ್ಲವೆ ಮತ್ತೊಂದು ಹಳೆಯ ಮನೆಯ ಮರವನ್ನು ಮರುಬಳಸಿದ್ದರ ಗುರುತು.

ಕಂಬಗಳ ನಡುವಿನ ತೆರವನ್ನು ತಡಿಕೆಯಿಂದ ಮುಚ್ಚುತ್ತಿದ್ದರು. ಸೀಳಿದ ಓಕ್ ಗೂಟಗಳನ್ನು ನೆಟ್ಟಗೆ ನಿಲ್ಲಿಸಿ, ಅವುಗಳ ಹಿಂದೆ ಮುಂದೆ ಹೇಝಲ್ ಗಿಡದ ಸಪೂರ ಕಡ್ಡಿಗಳನ್ನು ಹೆಣೆದು, ಜೇಡಿಮಣ್ಣು, ಕೊಚ್ಚಿದ ಹುಲ್ಲು, ಸಗಣಿಗಳನ್ನು ಕಲಸಿ ಎರಡೂ ಕಡೆಯಿಂದ ಮೆತ್ತಿ, ಸುಣ್ಣ ಬಳಿದರೆ ಗೋಡೆ ಸಿದ್ಧ. ದುರಸ್ತಿಗೆ ಮೇಲ್ಪದರ ಕೆರೆದಾಗ ಮೆತ್ತಿದವರ ಬೆರಳಿನ ಗುರುತುಗಳು ಮಣ್ಣಿನಲ್ಲಿ ಹಾಗೆಯೇ ಸಿಗುವುದುಂಟು. ಮರ ಒಣಗಿ ಜರುಗಿದರೆ ಈ ಮೆತ್ತನೆಯ ಗೋಡೆಯೂ ಅದರೊಂದಿಗೆ ಕೊಂಚ ಜರುಗುತ್ತದೆ. ಒಳಸೇರಿದ ತೇವವನ್ನು ಹೊರಬಿಡುವ ಗುಣವೂ ಇದಕ್ಕಿದೆ.

ಕನ್ನಡನಾಡಿನ ಹಳೆಯ ಮನೆಗಳನ್ನು ಅಂಕಣದ ಲೆಕ್ಕದಲ್ಲಿ ಅಳೆಯುವಂತೆ ಇವನ್ನೂ ಎರಡು ಜೋಡಿ ಕಂಬಗಳ ನಡುವಿನ ಅಂಕಣಗಳಿಂದಲೇ ಅಳೆಯುತ್ತಾರೆ. ಪಟ್ಟಣದ ಮನೆಯಲ್ಲಿ ಎದ್ದುಕಾಣುವ ಲಕ್ಷಣವೆಂದರೆ ಮೇಲಂತಸ್ತಿನ ಚಾಚು. ಮಹಡಿಯ ಜಂತೆಗಳು ಕೆಳಗಿನ ಗೋಡೆಯನ್ನು ದಾಟಿ ಬೀದಿಯ ಮೇಲೆ ಒಂದೆರಡು ಅಡಿ ಹೊರಬರುತ್ತವೆ. ಅವುಗಳ ತುದಿಯ ಮೇಲೆ ಮೇಲಿನ ಗೋಡೆ ನಿಲ್ಲುತ್ತದೆ. ಮೂರಂತಸ್ತಿನ ಮನೆಯಲ್ಲಿ ಹೀಗೆ ಎರಡು ಸಲ ಚಾಚಿದರೆ ಇಕ್ಕಟ್ಟಿನ ಓಣಿಯ ಎರಡು ಬದಿಯ ಮನೆಗಳು ಮೇಲೆ ಬಹುಮಟ್ಟಿಗೆ ಮುಟ್ಟಿಕೊಳ್ಳುತ್ತವೆ. ಯಾರ್ಕ್ ನಗರದ ಶ್ಯಾಂಬಲ್ಸ್ ಬೀದಿಯಲ್ಲಿ ಇದನ್ನು ಈಗಲೂ ನೋಡಬಹುದು. ಹೊರಗೆ ನಿಂತ ಗೋಡೆಯ ಭಾರ ಜಂತೆಯ ತುದಿಯನ್ನು ಕೆಳಗೆ ಒತ್ತುವುದರಿಂದ ಒಳಗಿನ ನೆಲ ಅಷ್ಟಾಗಿ ತೂಗುವುದಿಲ್ಲ. ನೆಲದಿಂದ ಸೂರಿನವರೆಗೆ ಒಂದೇ ಉದ್ದನೆಯ ಕಂಬ ಬೇಕಿಲ್ಲ. ಮೇಲಿನ ಕೋಣೆಗಳು ತುಸು ದೊಡ್ಡವಾಗುತ್ತವೆ. ಆದರೂ ಜಾಗಕ್ಕೆ ಬರವಿಲ್ಲದ ಕಡೆಗಳಲ್ಲೂ ಚಾಚು ಇರುವುದನ್ನು ನೋಡಿದರೆ ಮನೆಯೊಡೆಯರಿಗೆ ಅದು ಮುಖ್ಯವಾಗಿ ಸಿರಿವಂತಿಕೆಯ ಪ್ರದರ್ಶನವಾಗಿತ್ತು ಎನಿಸುತ್ತದೆ. ಪೂರ್ವ ಇಂಗ್ಲೆಂಡಿನಲ್ಲಿ ಕಂಬಗಳನ್ನು ಒತ್ತೊತ್ತಾಗಿ ನೆಟ್ಟು ಮರದ ಖರ್ಚನ್ನು ಮೆರೆಸಿದರೆ, ಪಶ್ಚಿಮದ ಚೆಷೈರ್, ಶ್ರಾಪ್‌ಷೈರ್‌ಗಳಲ್ಲಿ ಚೌಕಗಳ ಒಳಗೆ ನಕ್ಷತ್ರ, ಎಸಳು, ಓರೆಗೆರೆಗಳ ಚಿತ್ತಾರ ತುಂಬಿದರು.

ಪಟ್ಟಣದ ನಿವೇಶನಗಳು ಬೀದಿಯ ಕಡೆ ಕಿರಿದಾಗಿ ಹಿಂದಕ್ಕೆ ಬಹಳ ಉದ್ದವಾಗಿರುತ್ತಿದ್ದವು. ಮುಂದೆ ಅಂಗಡಿ, ಅದರ ಹಿಂದೆ ಮನೆಮಂದಿಯೆಲ್ಲ ಸೇರುವ ದೊಡ್ಡ ಪಡಸಾಲೆ, ಹಿತ್ತಲಲ್ಲಿ ಬೆಂಕಿಯ ಭಯಕ್ಕೆ ಬೇರೆಯಾಗಿಯೇ ಕಟ್ಟಿದ ಅಡುಗೆಮನೆ, ಮೇಲೆ ಮಲಗುವ ಕೋಣೆ, ಅಟ್ಟದಲ್ಲಿ ಸರಕು: ಇದು ಸಾಮಾನ್ಯ ವಿನ್ಯಾಸ. ಅಂಗಡಿಯ ಕಿಟಕಿಗೆ ಗಾಜಿರಲಿಲ್ಲ. ಅದರ ಹಲಗೆಯನ್ನು ಬೀದಿಯ ಕಡೆ ಕೆಳಗಿಳಿಸಿದರೆ ಅದೇ ಸರಕು ಹರಡುವ ಮೇಜಾಗುತ್ತಿತ್ತು. ಪಡಸಾಲೆಗೆ ಮಹಡಿಯಾಗಲಿ ಹೊಗೆಗೂಡಾಗಲಿ ಇರುತ್ತಿರಲಿಲ್ಲ. ನಡುವೆ ಉರಿಯುವ ಒಲೆಯ ಹೊಗೆ ಛಾವಣಿಯವರೆಗೆ ಏರಿ ಸಂದುಗಳಿಂದ ಹೊರಹೋಗುತ್ತಿತ್ತು. 16ನೇ ಶತಮಾನದಲ್ಲಿ ಇಟ್ಟಿಗೆಯ ಹೊಗೆಗೂಡು ಬಂದಮೇಲೆ ಪಡಸಾಲೆಗೆ ಅಡ್ಡಲಾಗಿ ಮಹಡಿ ಹಾಕಿ ಕೋಣೆ ಮಾಡಿಕೊಂಡರು. ಹೊರಗಿನಿಂದ 18ನೇ ಶತಮಾನದ ಇಟ್ಟಿಗೆ ಮನೆಯಂತೆ ಕಾಣುವ ಕಟ್ಟಡದ ಅಟ್ಟಕ್ಕೆ ಹತ್ತಿದಾಗ ಮಸಿ ಹಿಡಿದು ಕಪ್ಪಾದ ಛಾವಣಿಯ ಮರಗಳು ಕಂಡರೆ, ಅದು ಮೂಲದಲ್ಲಿ ಮಧ್ಯಯುಗದ ಪಡಸಾಲೆಯೆಂದು ಸಂಶೋಧಕರು ಗುರುತು ಹಿಡಿಯುತ್ತಾರೆ.

ಏಳಿಗೆಯ ಕಾಲ

ಯಾರ್ಕ್‌ನ ಗುಡ್‌ರಾಮ್‌ಗೇಟ್ ಬೀದಿಯಲ್ಲಿ 1316ರಲ್ಲಿ ಕಟ್ಟಿದ ಲೇಡಿ ರೋ ಎಂಬ ಮನೆಸಾಲು ಚಾಚುಮಹಡಿಯ ಕಟ್ಟಡಗಳಲ್ಲಿ ಉಳಿದಿರುವ ಅತಿ ಹಳೆಯವುಗಳಲ್ಲೊಂದು. ಅದು ಸಿರಿವಂತರ ವಾಸಕ್ಕಾಗಿ ಕಟ್ಟಿದ್ದಲ್ಲ. ಕೆಳಗೊಂದು, ಮೇಲೊಂದು ಕೋಣೆಯ ಪುಟ್ಟ ಮನೆಗಳನ್ನು ಇಗರ್ಜಿಯ ಅಂಗಳದ ಅಂಚಿಗೆ ಕಟ್ಟಿ, ಬಂದ ಬಾಡಿಗೆಯಿಂದ ಹೋಲಿ ಟ್ರಿನಿಟಿ ಇಗರ್ಜಿಯಲ್ಲಿ ಪ್ರಾರ್ಥನೆ ಸಲ್ಲಿಸುವ ಪಾದ್ರಿಯ ಖರ್ಚನ್ನು ನಡೆಸುತ್ತಿದ್ದರು. ಬಾಡಿಗೆಗೆಂದೇ ಸಾಲುಮನೆ ಕಟ್ಟುವ ಲಾಭದ ಲೆಕ್ಕ ಅಷ್ಟು ಹಿಂದೆಯೇ ರೂಢಿಯಲ್ಲಿತ್ತು. ಮುಂದಿನ ಎರಡು ಶತಮಾನಗಳಲ್ಲಿ ಉಣ್ಣೆ ಮತ್ತು ಬಟ್ಟೆಯ ವ್ಯಾಪಾರದಿಂದ ಬಂದ ಹಣ ಈ ಮನೆಗಳಿಗೆ ಹರಿಯಿತು. ಸಫೋಕ್ ಪ್ರಾಂತದ ಲ್ಯಾವನ್‌ಹ್ಯಾಮ್ ಇದಕ್ಕೆ ಒಳ್ಳೆಯ ನಿದರ್ಶನ. ಬಣ್ಣದ ಉಣ್ಣೆಬಟ್ಟೆಗೆ ಹೆಸರಾದ ಈ ಸಣ್ಣ ಊರು 1520ರ ದಶಕದ ತೆರಿಗೆ ದಾಖಲೆಗಳಲ್ಲಿ ದೇಶದ ಅತಿ ಶ್ರೀಮಂತ ಪಟ್ಟಣಗಳ ಸಾಲಿನಲ್ಲಿತ್ತು.

ಚೆಷೈರಿನ ಉಪ್ಪಿನ ಪಟ್ಟಣ ನ್ಯಾಂಟ್‌ವಿಚ್‌ನಲ್ಲಿ ರಿಚರ್ಡ್ ಚರ್ಚ್ ಎಂಬ ವರ್ತಕನಿಗಾಗಿ 1577ರಲ್ಲಿ ಕಟ್ಟಿದ ಚರ್ಚಸ್ ಮ್ಯಾನ್ಷನ್ ಇಂಥ ಮನೆಗಳಲ್ಲಿ ಅಪರೂಪದ್ದು, ಏಕೆಂದರೆ ಅದು ತನ್ನ ಚರಿತ್ರೆಯನ್ನು ತಾನೇ ಹೇಳುತ್ತದೆ. ನಾಲ್ಕು ತ್ರಿಕೋನ ಮುಖಗಳ ಮುಂಭಾಗದ ಮರದ ಮೇಲೆ ಗಂಡ ಹೆಂಡತಿಯರ ಹೆಸರು, ವರ್ಷಗಳ ಜೊತೆಗೆ ಈ ಕೆಲಸ ಮಾಡಿದ ಬಡಗಿ ಥಾಮಸ್ ಕ್ಲೀಸ್‌ನ ಹೆಸರನ್ನೂ ಕೆತ್ತಲಾಗಿದೆ. ಆ ಕಾಲದ ಮನೆಗಳಲ್ಲಿ ಒಡೆಯನ ಹೆಸರು ಉಳಿಯುವುದುಂಟು, ಬಡಗಿಯದು ಉಳಿಯುವುದು ತೀರ ಕಡಿಮೆ. ಆರು ವರ್ಷಗಳ ನಂತರ, 1583ರ ಡಿಸೆಂಬರಿನಲ್ಲಿ ಊರಿಗೆ ಬೆಂಕಿ ಬಿದ್ದು ಸುಮಾರು ಇಪ್ಪತ್ತು ದಿನ ಉರಿದು ಪಟ್ಟಣದ ಬಹುಭಾಗ ನಾಶವಾಯಿತು. ಒಂದು ಛತ್ರದ ಹಿಂದೆ ಸಾಕಿದ್ದ ಕರಡಿಗಳನ್ನು ಆಗ ಬಿಚ್ಚಿಬಿಟ್ಟಿದ್ದರಿಂದ ನೀರು ಹೊರುವವರೂ ಹೆದರಿ ದೂರ ಸರಿದರೆಂದು ಹೇಳುತ್ತಾರೆ. ಊರಿನ ಅಂಚಿನಲ್ಲಿದ್ದ ಚರ್ಚಸ್ ಮ್ಯಾನ್ಷನ್ ಉಳಿಯಿತು. ಅದರ ಕೆತ್ತನೆಗಳ ನಡುವೆ ಬೆಂಕಿಗೆ ಅಂಜದ ಪ್ರಾಣಿಯೆಂದು ಜನ ನಂಬಿದ್ದ ಸ್ಯಾಲಮ್ಯಾಂಡರ್ ಕೂಡ ಇದೆ. ರಾಣಿ ಎಲಿಜಬೆತ್ ಪುನರ್ನಿರ್ಮಾಣಕ್ಕೆ 1000 ಪೌಂಡ್ ಕೊಟ್ಟಳು. ಊರಿನವರು ಮತ್ತೆ ಕಟ್ಟಿದ್ದು ಮರದಲ್ಲೇ. ರಾಣಿಯ ನೆರವಿಗೆ ಕೃತಜ್ಞತೆ ಹೇಳುವ ಬರಹವನ್ನು ಮುಂಭಾಗದಲ್ಲಿ ಹೊತ್ತ ಮನೆಯನ್ನು ಕಟ್ಟಿದವನೂ ಅದೇ ಬಡಗಿ ಕ್ಲೀಸ್.

ಸ್ಟಾಫರ್ಡ್ ಪಟ್ಟಣದ ನಡುಬೀದಿಯಲ್ಲಿರುವ ಏನ್ಷಂಟ್ ಹೈ ಹೌಸ್ ಡಾರಿಂಗ್ಟನ್ ಮನೆತನಕ್ಕಾಗಿ 1595ರಲ್ಲಿ ಎದ್ದ ನಾಲ್ಕಂತಸ್ತಿನ ಕಟ್ಟಡ. ಇಂಗ್ಲೆಂಡಿನಲ್ಲಿ ಉಳಿದಿರುವ ಮರದ ಚೌಕಟ್ಟಿನ ಪಟ್ಟಣದ ಮನೆಗಳಲ್ಲಿ ಇದೇ ಅತಿ ದೊಡ್ಡದೆಂದು ಪ್ರಸಿದ್ಧ. ದೊರೆ ಮತ್ತು ಪಾರ್ಲಿಮೆಂಟಿನ ನಡುವಿನ ಅಂತರ್ಯುದ್ಧದ ಆರಂಭದಲ್ಲಿ, 1642ರ ಸೆಪ್ಟೆಂಬರಿನಲ್ಲಿ ದೊರೆ 1ನೇ ಚಾರ್ಲ್ಸ್ ಮತ್ತು ಅವನ ಸೋದರಳಿಯ ಪ್ರಿನ್ಸ್ ರೂಪರ್ಟ್ ಇಲ್ಲಿ ತಂಗಿದ್ದರು. ಮರುವರ್ಷ ಪಟ್ಟಣ ಪಾರ್ಲಿಮೆಂಟಿನ ಸೈನ್ಯದ ವಶವಾದಾಗ ಅದೇ ಮನೆ ದೊರೆಯ ಕಡೆಯ ಅಧಿಕಾರಿಗಳಿಗೆ ಸೆರೆಮನೆಯಾಯಿತು. ಮುಂದೆ ಶತಮಾನಗಳ ಕಾಲ ಅದು ವಾಸಕ್ಕೂ ಅಂಗಡಿಗೂ ಬಳಕೆಯಾಗಿ, 20ನೇ ಶತಮಾನದ ಕೊನೆಯ ಭಾಗದಲ್ಲಿ ದುರಸ್ತಿಗೊಂಡು ವಸ್ತುಸಂಗ್ರಹಾಲಯವಾಗಿದೆ.

ಬೆಂಕಿ ಮತ್ತು ಇಟ್ಟಿಗೆ

ಮರದ ಊರುಗಳಿಗೆ ಬೆಂಕಿ ಹೊಸದೇನಲ್ಲ. 1212ರಲ್ಲಿ ಲಂಡನ್ ಸುಟ್ಟಾಗಲೇ ನಗರಾಡಳಿತ ಹುಲ್ಲಿನ ಛಾವಣಿಯನ್ನು ನಿಷೇಧಿಸಿತ್ತು. 1605ರಲ್ಲಿ ದೊರೆ 1ನೇ ಜೇಮ್ಸ್ ಲಂಡನ್ನಿನ ಹೊಸ ಮನೆಗಳ ಮುಂಭಾಗ ಇಟ್ಟಿಗೆ ಅಥವಾ ಕಲ್ಲಿನದಾಗಿರಬೇಕೆಂದು ಆಜ್ಞೆ ಹೊರಡಿಸಿದ. ಅದನ್ನು ಪಾಲಿಸಿದವರು ಕಡಿಮೆ. 1666ರ ಸೆಪ್ಟೆಂಬರಿನ ಮಹಾ ಅಗ್ನಿದುರಂತ ಸುಮಾರು 13,200 ಮನೆಗಳನ್ನೂ 87 ಇಗರ್ಜಿಗಳನ್ನೂ ಸುಟ್ಟಮೇಲೆ, 1667ರ ಪುನರ್ನಿರ್ಮಾಣ ಕಾಯ್ದೆ ಲಂಡನ್ನಿನಲ್ಲಿ ಮರದ ಹೊರಗೋಡೆಯನ್ನೇ ಇಲ್ಲವಾಗಿಸಿತು. ಒಳ್ಳೆಯ ಓಕ್ ಮರದ ಬೆಲೆ ಏರುತ್ತಿತ್ತು, ಇಟ್ಟಿಗೆ ಅಗ್ಗವಾಗುತ್ತಿತ್ತು. ಹೀಗಾಗಿ ಉಳಿದ ಪಟ್ಟಣಗಳೂ ಕಾನೂನಿನ ಒತ್ತಾಯವಿಲ್ಲದೆಯೇ ಇಟ್ಟಿಗೆಯತ್ತ ತಿರುಗಿದವು.

18ನೇ ಶತಮಾನದ ಹೊತ್ತಿಗೆ ಮರದ ಮನೆಯೆಂದರೆ ಹಳೇ ಕಾಲದ್ದು, ಸಭ್ಯರಿಗೆ ತಕ್ಕುದಲ್ಲ ಎಂಬ ಭಾವನೆ ಬೇರೂರಿತ್ತು. ಆದರೆ ಇಡೀ ಮನೆ ಕೆಡವುವುದು ದುಬಾರಿ. ಕೆಲವರು ಬೀದಿಯ ಕಡೆಗಷ್ಟೇ ಇಟ್ಟಿಗೆಯ ಹೊಸ ಮುಖ ಕಟ್ಟಿಸಿದರು. ಕೆಲವರು ಚಾಚನ್ನು ಕೊಯ್ದು ಮುಂಭಾಗವನ್ನು ನೇರ ಮಾಡಿಸಿದರು. ಹೆಚ್ಚಿನವರು ಮರ, ಮಣ್ಣುಗಳೆರಡರ ಮೇಲೂ ಪಟ್ಟಿ ಹೊಡೆದು ಗಾರೆ ಬಳಿಸಿದರು. ಲೂಯಿಸ್, ಕ್ಯಾಂಟರ್ಬರಿ ಮೊದಲಾದ ಆಗ್ನೇಯ ಭಾಗದ ಪಟ್ಟಣಗಳಲ್ಲಿ ಇನ್ನೂ ಜಾಣ ಉಪಾಯವೊಂದು ಬಳಕೆಗೆ ಬಂತು. ಮರದ ಗೋಡೆಗೆ ಒಂದರ ಮೇಲೊಂದು ಹೆಂಚುಗಳನ್ನು ಜೋಡಿಸಿ ಹೊಡೆದರೆ, ಹೊರಗೆ ಕಾಣುವ ಭಾಗ ಪಕ್ಕಾ ಇಟ್ಟಿಗೆ ಗೋಡೆಯಂತೆ ತೋರುತ್ತಿತ್ತು. ತೋರಿಕೆಗಾಗಿ ಮಾಡಿದ ಈ ಹೊದಿಕೆಗಳು ಒಳಗಿನ ಚೌಕಟ್ಟನ್ನು ಇನ್ನೂರು ವರ್ಷ ಮಳೆಬಿಸಿಲಿನಿಂದ ಕಾದವು.

ಲ್ಯಾವನ್‌ಹ್ಯಾಮ್ ಉಳಿದದ್ದು ಬೇರೆ ಕಾರಣಕ್ಕೆ. ಬಟ್ಟೆಯ ಬೇಡಿಕೆ ಬದಲಾಗಿ ವ್ಯಾಪಾರ ಕೈತಪ್ಪಿದ ಮೇಲೆ ಅಲ್ಲಿನವರ ಬಳಿ ಇಟ್ಟಿಗೆಯ ಮುಖ ಕಟ್ಟಿಸುವಷ್ಟೂ ಹಣವಿರಲಿಲ್ಲ. ಬೀದಿಬೀದಿಯೇ 1500ರ ಸುಮಾರಿನ ರೂಪದಲ್ಲಿ ನಿಂತುಬಿಟ್ಟಿತು. ಏಳಿಗೆ ನಿಲ್ಲದ ಲಂಡನ್ನಿನಲ್ಲಿ ಇದಕ್ಕೆ ತದ್ವಿರುದ್ಧ. ಒಟ್ಟೊಮನ್ ರಾಜಧಾನಿಯಲ್ಲಿ ಇಂಗ್ಲೆಂಡಿನ ರಾಯಭಾರಿಯಾಗಿದ್ದ ವರ್ತಕ ಪಾಲ್ ಪಿಂಡರ್ 1600ರ ಸುಮಾರಿಗೆ ಬಿಷಪ್ಸ್‌ಗೇಟ್‌ನಲ್ಲಿ ಕಟ್ಟಿಸಿದ ಮನೆ ನಗರಗೋಡೆಯ ಹೊರಗಿದ್ದುದರಿಂದ 1666ರ ಬೆಂಕಿಗೆ ಸಿಕ್ಕಲಿಲ್ಲ. 1890ರಲ್ಲಿ ಲಿವರ್‌ಪೂಲ್ ಸ್ಟ್ರೀಟ್ ರೈಲು ನಿಲ್ದಾಣದ ವಿಸ್ತರಣೆಗೆ ಮಾತ್ರ ಬಲಿಯಾಯಿತು. ಅಷ್ಟರಲ್ಲಿ ಅದು ಮದ್ಯದಂಗಡಿಯಾಗಿತ್ತು. ಕೆತ್ತನೆಯ ಓಕ್ ಮುಂಭಾಗವನ್ನಷ್ಟೇ ಬಿಡಿಸಿಕೊಂಡು ಇಂದಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಇರಿಸಲಾಗಿದೆ.

ಜೀರ್ಣೋದ್ಧಾರದ ಶತಮಾನ

ಮರದ ಮನೆಯೊಂದನ್ನು ಸಾರ್ವಜನಿಕರ ಹಣದಿಂದ ಕೊಂಡು ಉಳಿಸಿದ ಪ್ರಸಿದ್ಧ ಪ್ರಕರಣ ಸ್ಟ್ರ್ಯಾಟ್‌ಫರ್ಡ್‌ನ ಹೆನ್ಲಿ ಬೀದಿಯದು. ಕೈಗವಸು ತಯಾರಿಸುತ್ತಿದ್ದ ಜಾನ್ ಶೇಕ್ಸ್‌ಪಿಯರನ ಆ ಮನೆಯಲ್ಲಿ 1564ರಲ್ಲಿ ಮಗ ವಿಲಿಯಂ ಹುಟ್ಟಿದನೆಂಬುದು ಬಹುಕಾಲದಿಂದ ಬಂದ ನಂಬಿಕೆ. ಮುಂದೆ ಅದರ ಒಂದು ಭಾಗ ಛತ್ರವಾಯಿತು, ಇನ್ನೊಂದು ಭಾಗದಲ್ಲಿ ಕಟುಕನ ಅಂಗಡಿ ನಡೆಯುತ್ತಿತ್ತು. ಛತ್ರದ ಭಾಗಕ್ಕೆ 1808ರಲ್ಲಿ ಇಟ್ಟಿಗೆಯ ಮುಖ ಬಂತು. 1847ರಲ್ಲಿ ಮನೆ ಹರಾಜಿಗೆ ಬಂದಾಗ ವಂತಿಗೆ ಎತ್ತಿ 3000 ಪೌಂಡಿಗೆ ಕೊಂಡರು. ಆಗ ಅವರ ಕೈಸೇರಿದ್ದು ಅರ್ಧ ಇಟ್ಟಿಗೆಯ, ಅರ್ಧ ಜೀರ್ಣವಾದ ಕಟ್ಟಡ. ಬೆಂಕಿ ಹರಡದಿರಲೆಂದು ಎರಡೂ ಪಕ್ಕದ ಮನೆಗಳನ್ನು ಕೆಡವಿದರು. ಇಟ್ಟಿಗೆಯ ಮುಖ ತೆಗೆದರು. 1769ರಲ್ಲಿ ಅಚ್ಚಾದ ಚಿತ್ರವೊಂದನ್ನು ಮುಂದಿಟ್ಟುಕೊಂಡು ಛಾವಣಿಯಿಂದ ಹೊರಚಾಚುವ ಕಿಟಕಿಗಳನ್ನೂ ತ್ರಿಕೋನ ಮುಖವನ್ನೂ ಹೊಸದಾಗಿ ಮಾಡಿದರು. ಹೀಗೆ ಸಾಲುಮನೆಗಳಲ್ಲೊಂದಾಗಿದ್ದದ್ದು ಒಂಟಿಮನೆಯಾಯಿತು. ಇಂದು ಯಾತ್ರಿಕರು ಫೋಟೊ ತೆಗೆಯುವ ಮುಂಭಾಗ ಬಹುಮಟ್ಟಿಗೆ 1860ರ ಆಸುಪಾಸಿನ ಬಡಗಿಗಳದು. ಒಳಗಿನ ಚೌಕಟ್ಟಿನಲ್ಲಿ ಹಳೆಯದು ಹೆಚ್ಚಾಗಿ ಉಳಿದಿದೆ. ಕೆಲಸ ಅತಿಯಾಯಿತೆಂದು ಇಂದು ಹೇಳುವುದು ಸುಲಭ. ಆ ವಂತಿಗೆ ಇಲ್ಲದಿದ್ದರೆ ಚರ್ಚೆಗೆ ಮನೆಯೇ ಉಳಿಯುತ್ತಿರಲಿಲ್ಲ.

ಈ ಮನೆಗಳಿಗೆ ಕಪ್ಪು ಮರ, ಬಿಳಿ ಗೋಡೆಯ ವೇಷ ತೊಡಿಸಿದ್ದೂ ಮುಖ್ಯವಾಗಿ ಅದೇ ಶತಮಾನ. ಓಕ್ ಮರವನ್ನು ಹಾಗೆಯೇ ಬಿಟ್ಟರೆ ಬೆಳ್ಳಿಯ ಬೂದುಬಣ್ಣಕ್ಕೆ ತಿರುಗುತ್ತದೆ. ಪೂರ್ವ ಭಾಗದಲ್ಲಂತೂ ಮರ ಗೋಡೆಗಳ ಭೇದವಿಲ್ಲದೆ ಎಲ್ಲಕ್ಕೂ ಸುಣ್ಣ ಬಳಿಯುವ ವಾಡಿಕೆಯಿತ್ತು. ವಿಕ್ಟೋರಿಯಾ ಕಾಲದವರು ಡಾಂಬರು, ಕಪ್ಪು ಬಣ್ಣಗಳನ್ನು ಧಾರಾಳವಾಗಿ ಬಳಿದರು. ಗಾರೆಯ ಕೆಳಗೆ ಮುಚ್ಚಿಡಲೆಂದೇ ಒರಟಾಗಿ ಬಿಟ್ಟಿದ್ದ ಮರವನ್ನೂ ಕೆರೆದು ತೆರೆದಿಟ್ಟರು. ಮಧ್ಯಯುಗದ ಚಹರೆಯೆಂದು ಅಂಚೆಚೀಟಿ, ಕ್ಯಾಲೆಂಡರುಗಳಲ್ಲಿ ಕಾಣುವ ಕಪ್ಪುಬಿಳುಪು ಹೀಗೆ ಬಂದದ್ದು.

ಇಂಥ ಕೆಲಸಗಳಿಗೆ ಎದುರಾಗಿ ನಿಂತವನು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್. ಟ್ಯೂಕ್ಸ್‌ಬರಿ ಮಹಾದೇಗುಲಕ್ಕೆ ಜೀರ್ಣೋದ್ಧಾರ ಕಾದಿದೆಯೆಂದು ತಿಳಿದು 1877ರಲ್ಲಿ ಅವನು ಪ್ರಾಚೀನ ಕಟ್ಟಡಗಳ ರಕ್ಷಣೆಯ ಸಂಘವನ್ನು ಕಟ್ಟಿದ. ಹಳೆಯ ಕಟ್ಟಡದ ಮೇಲೆ ಪ್ರತಿ ಕಾಲವೂ ಬಿಟ್ಟ ಗುರುತು ಅದರ ಚರಿತ್ರೆ. ಅದನ್ನು ಕೆರೆದು ಯಾವುದೋ ಒಂದು ವರ್ಷದ ರೂಪಕ್ಕೆ ಮರಳಿಸುವುದೆಂದರೆ ಸುಳ್ಳು ಸಾಕ್ಷಿ ಹುಟ್ಟಿಸಿದಂತೆ. ಬೇಕಾದ್ದು ಸೋರುವ ಮಾಡು, ಕುಸಿಯುವ ಗೋಡೆಗಳಿಗೆ ಕಾಲಕಾಲಕ್ಕೆ ಮಾಡುವ ಸಣ್ಣ ದುರಸ್ತಿ ಎಂಬುದು ಸಂಘದ ನಿಲುವು. ಇಗರ್ಜಿಗಳಿಗಾಗಿ ಹುಟ್ಟಿದ ಈ ವಾದ ಮನೆಗಳಿಗೆ ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ, ಏಕೆಂದರೆ ಪಟ್ಟಣದ ಮನೆ ಎಂದೂ ಒಂದೇ ರೂಪದಲ್ಲಿ ಇದ್ದದ್ದಿಲ್ಲ.

ಮುಂದಿನ ದಶಕಗಳಲ್ಲಿ ಅಮೆರಿಕದ ಹಣವೂ ಈ ಮನೆಗಳತ್ತ ನೋಡಿತು. ಸ್ಟ್ರ್ಯಾಟ್‌ಫರ್ಡ್‌ನಲ್ಲಿ ಥಾಮಸ್ ರಾಜರ್ಸ್ 1596ರಲ್ಲಿ ಕಟ್ಟಿಸಿದ ಮನೆಯನ್ನು, ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೆಸರು ಕೊಟ್ಟ ಜಾನ್ ಹಾರ್ವರ್ಡ್ ಅವನ ಮೊಮ್ಮಗನೆಂಬ ಕಾರಣಕ್ಕೆ, ಕಾದಂಬರಿಕಾರ್ತಿ ಮರಿ ಕೊರೆಲಿಯ ಪ್ರಯತ್ನದಿಂದ ಷಿಕಾಗೋದ ಸಿರಿವಂತನೊಬ್ಬ 1909ರಲ್ಲಿ ಕೊಂಡು ಸರಿಪಡಿಸಿ ಆ ವಿಶ್ವವಿದ್ಯಾಲಯಕ್ಕೇ ಒಪ್ಪಿಸಿದ. ನ್ಯಾಂಟ್‌ವಿಚ್‌ನ ಚರ್ಚಸ್ ಮ್ಯಾನ್ಷನ್ನನ್ನು 1930ರ ಸುಮಾರಿಗೆ ಬಿಚ್ಚಿ ಅಟ್ಲಾಂಟಿಕ್ ದಾಟಿಸುವ ಮಾತು ನಡೆದಿತ್ತು. ಎಡ್ಗರ್ ಮಯೊಟ್ ದಂಪತಿ ಅದನ್ನು ಕೊಂಡು ದುರಸ್ತಿ ಆರಂಭಿಸಿದ್ದರಿಂದ ಮನೆ ಊರಲ್ಲೇ ಉಳಿಯಿತು.

ಬಾಂಬು, ರಸ್ತೆ, ಕಾನೂನು

1882ರ ಪ್ರಾಚೀನ ಸ್ಮಾರಕ ಕಾಯ್ದೆ ಜನವಾಸವಿರುವ ಮನೆಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಒಡೆಯನಿಗೆ ತನ್ನ ಮನೆ ಕೆಡವುವ ಹಕ್ಕು ಹೆಚ್ಚುಕಡಿಮೆ 20ನೇ ಶತಮಾನದ ನಡುವಿನವರೆಗೆ ಹಾಗೆಯೇ ಇತ್ತು. ನಗರಸಭೆಗಳೂ ಹಿಂದೆ ಬೀಳಲಿಲ್ಲ. ಮಧ್ಯಯುಗದ ಮರದ ಮನೆಗಳಿಗೆ ಹೆಸರಾಗಿದ್ದ ಕವೆಂಟ್ರಿಯಲ್ಲಿ ಬುಚರ್ ರೋ ಎಂಬ ಓಣಿಯನ್ನು ರಸ್ತೆ ಸುಧಾರಣೆಗಾಗಿ ಕೆಡವಿದ್ದು 1936ರಲ್ಲಿ, ಅಂದರೆ ಜರ್ಮನ್ ಬಾಂಬುಗಳಿಗಿಂತ ನಾಲ್ಕು ವರ್ಷ ಮೊದಲೇ. 1940ರ ದಾಳಿಗಳಲ್ಲಿ ಊರಿನ ಹೃದಯಭಾಗ ಉರಿದುಹೋಯಿತು. ವೃದ್ಧರಿಗಾಗಿ 1509ರಲ್ಲಿ ಸ್ಥಾಪಿತವಾದ ಫೋರ್ಡ್ಸ್ ಹಾಸ್ಪಿಟಲ್ ಬಾಂಬಿಗೆ ಛಿದ್ರವಾದರೂ ಅದರ ಮರಗಳನ್ನು ಆಯ್ದಿಟ್ಟು 1950ರ ದಶಕದ ಆರಂಭದಲ್ಲಿ ಮತ್ತೆ ನಿಲ್ಲಿಸಿದರು. ಯುದ್ಧಾನಂತರದ ಮರುನಿರ್ಮಾಣದಲ್ಲಿ ಅಡ್ಡ ಬಂದ ಮನೆಗಳಲ್ಲಿ ಕೆಲವನ್ನು ಬಿಚ್ಚಿ ಸ್ಪಾನ್ ಬೀದಿಗೆ ತಂದು ಕೂರಿಸಲಾಯಿತು. ಆ ಬೀದಿ ನೋಡಲು ಸೊಗಸು. ಆದರೆ ಅಲ್ಲಿ ಮೊದಲಿನಿಂದ ಇದ್ದ ಮನೆಗಳ ಜೊತೆ ಬೇರೆ ಬೀದಿಗಳಿಂದ ಆಯ್ದುತಂದ ಮನೆಗಳೂ ಸೇರಿವೆ. ಅದು ಪೂರ್ತಿಯಾಗಿ ನೆರೆಹೊರೆಯಾಗಿ ಬೆಳೆದ ಬೀದಿಯಲ್ಲ.

ಕಾನೂನು ಬಿಗಿಯಾದದ್ದು ಈ ನಷ್ಟಗಳ ನಂತರ. 1947ರ ನಗರ ಯೋಜನಾ ಕಾಯ್ದೆ ಚಾರಿತ್ರಿಕ ಕಟ್ಟಡಗಳ ಪಟ್ಟಿ ತಯಾರಿಕೆಗೆ ಭದ್ರ ನೆಲೆ ಒದಗಿಸಿತು. 1967ರ ಕಾಯ್ದೆ ಒಂಟಿ ಕಟ್ಟಡದ ಜೊತೆಗೆ ಇಡೀ ಬೀದಿಯನ್ನೇ ಸಂರಕ್ಷಿತ ಪ್ರದೇಶವೆಂದು ಸಾರುವ ಅವಕಾಶ ಕೊಟ್ಟರೆ, 1968ರಿಂದ ಪಟ್ಟಿಯಲ್ಲಿರುವ ಮನೆಯನ್ನು ಕೆಡವಲು ಮಾತ್ರವಲ್ಲ, ಅದರ ಸ್ವರೂಪ ಬದಲಿಸಲೂ ಅನುಮತಿ ಕಡ್ಡಾಯವಾಯಿತು. 1700ಕ್ಕೆ ಮೊದಲು ಕಟ್ಟಿದ, ಮೂಲರೂಪ ಬಹುಮಟ್ಟಿಗೆ ಉಳಿಸಿಕೊಂಡ ಮನೆಗಳೆಲ್ಲ ಸಾಮಾನ್ಯವಾಗಿ ಈ ಪಟ್ಟಿಗೆ ಸೇರುತ್ತವೆ.

ಎಕ್ಸೆಟರ್ ನಗರದ ಎಡ್ಮಂಡ್ ಬೀದಿಯ ಮೂಲೆಯಲ್ಲಿದ್ದ 15ನೇ ಶತಮಾನದ ವರ್ತಕನ ಮನೆಗೆ 1961ರಲ್ಲಿ ಹೊಸ ರಸ್ತೆ ಎದುರಾಯಿತು. ಬಿಚ್ಚುವ ಬದಲು ಇಡಿಯಾಗಿ ಸಾಗಿಸಲು ನಿರ್ಧರಿಸಿದರು. ಪ್ರತಿ ಅಂತಸ್ತೂ ಹೊರಚಾಚಿದ, ಕಿರಿದಾದ ಆ ಮೂರಂತಸ್ತಿನ ಮನೆಯನ್ನು ದಪ್ಪ ದಿಮ್ಮಿಗಳ ಪಂಜರದಲ್ಲಿ ಬಿಗಿದು, ಜ್ಯಾಕ್‌ಗಳಿಂದ ಮೇಲೆತ್ತಿ, ಗಾಲಿಗಳ ಮೇಲೆ ಕೂರಿಸಿದರು. ಸುಮಾರು 21 ಟನ್ ತೂಕದ ಮನೆ ಡಿಸೆಂಬರ್ ತಿಂಗಳಲ್ಲಿ, ಕೂಡಿದ ಜನರ ಮತ್ತು ಕ್ಯಾಮೆರಾಗಳ ಮುಂದೆ, ಹಳಿಗಳ ಮೇಲೆ ಏರುದಾರಿಯಲ್ಲಿ ಅಂಗುಲ ಅಂಗುಲವಾಗಿ ಸರಿದು ಸೇಂಟ್ ಮೇರಿ ಸ್ಟೆಪ್ಸ್ ಇಗರ್ಜಿಯ ಎದುರಿನ ಹೊಸ ಜಾಗಕ್ಕೆ ಬಂತು. ಮರದ ಕೀಲುಗಳಿಗೆ ಇರುವ ಸ್ವಲ್ಪ ಬಾಗುವ ಗುಣದಿಂದಲೇ ಇದು ಸಾಧ್ಯವಾಯಿತು. ಅದೇ ವಯಸ್ಸಿನ ಇಟ್ಟಿಗೆ ಗೋಡೆಯಾಗಿದ್ದರೆ ಬಿರುಕು ಬಿಡದೆ ಬರುವುದು ಕಷ್ಟವಿತ್ತು.

ಬ್ರಾಮ್ಸ್‌ಗ್ರೋವ್ ಪಟ್ಟಣದ ಅಂಥದೇ ಕಾಲದ ಮನೆಗೆ ಸ್ವಂತ ಬೀದಿಯಲ್ಲಾಗಲಿ ಪಕ್ಕದ ಬೀದಿಯಲ್ಲಾಗಲಿ ಜಾಗ ಸಿಗಲಿಲ್ಲ. 1960ರ ದಶಕದ ಆರಂಭದಲ್ಲಿ ಅದು ಕೆಳಗಿಳಿದಾಗ ಮರಗಳನ್ನು ಕಾಪಿಟ್ಟು, ಊರ ಹೊರಗೆ ಬಯಲಲ್ಲಿ ಮತ್ತೆ ಎತ್ತಿ ನಿಲ್ಲಿಸಿದರು. 1967ರಲ್ಲಿ ಬಾಗಿಲು ತೆರೆದ ಏವನ್‌ಕ್ರಾಫ್ಟ್ ಬಯಲು ವಸ್ತುಸಂಗ್ರಹಾಲಯ ಹುಟ್ಟಿದ್ದೇ ಈ ಮನೆಯಿಂದ. ಅದರ ಹಿಂದಿದ್ದ ವಾಸ್ತುಶಿಲ್ಪಿ ಎಫ್. ಡಬ್ಲ್ಯೂ. ಬಿ. ಚಾರ್ಲ್ಸ್, ಮರದ ಚೌಕಟ್ಟನ್ನು ಬಡಗಿ ಕಟ್ಟಿದ್ದಾದ್ದರಿಂದ ಅದಕ್ಕೆ ಬಡಗಿಯ ವಿಧಾನದಲ್ಲೇ ದುರಸ್ತಿಯಾಗಬೇಕು, ಅಗತ್ಯಬಿದ್ದರೆ ಬಿಚ್ಚಿ ಜೋಡಿಸಬೇಕು ಎಂದು ವಾದಿಸಿದ. ಬಿಚ್ಚುವುದು ಕೊನೆಯ ದಾರಿ ಎನ್ನುವ ಮಾರಿಸ್ ಪಂಥದವರಿಗೆ ಇದು ಒಪ್ಪಿಗೆಯಾಗಲಿಲ್ಲ: ಬಿಚ್ಚಿದಾಗ ಮರ ಉಳಿದರೂ ತಡಿಕೆ, ಮಣ್ಣು, ಪದರಪದರವಾದ ಸುಣ್ಣ ಎಲ್ಲ ಹೋಗುತ್ತವೆ. ಎರಡೂ ಕಡೆಗೆ ನ್ಯಾಯವಿದೆ. ನೆಲವನ್ನೇ ಕಳೆದುಕೊಂಡ ಮನೆಗೆ ಚಾರ್ಲ್ಸನ ದಾರಿಯೊಂದೇ ಇತ್ತು. ನಿಂತಲ್ಲೇ ನಿಲ್ಲಬಹುದಾದ ಮನೆಗೆ ಮಾರಿಸನ ಮಾತೇ ಸರಿ.

ಈ ವಾದ ಮತ್ತೆ ಕಾವೇರಿದ್ದು ಯಾರ್ಕ್‌ನ ಬಾರ್ಲಿ ಹಾಲ್‌ನಲ್ಲಿ. 14 ಮತ್ತು 15ನೇ ಶತಮಾನದ ಆ ಮನೆ ಕಾಲಾಂತರದಲ್ಲಿ ಕಾರ್ಯಾಗಾರ, ಉಗ್ರಾಣಗಳ ಮಧ್ಯೆ ಗುರುತೇ ಸಿಗದಂತಾಗಿತ್ತು. ಯಾರ್ಕ್ ಪುರಾತತ್ವ ಟ್ರಸ್ಟ್ 1987ರಲ್ಲಿ ಅದನ್ನು ಕೊಂಡು, ನಂತರದ ಸೇರ್ಪಡೆಗಳನ್ನು ತೆಗೆದು, 1483ರ ಸುಮಾರಿಗೆ ಹೇಗಿದ್ದಿರಬಹುದೋ ಹಾಗೆ ಮರುರೂಪಿಸಿತು. ಹೊಸ ಓಕ್ ಮರವೇ ಹೆಚ್ಚಾಯಿತೆಂದು ಟೀಕೆ ಬಂತು. ಮಧ್ಯಯುಗದ ಮನೆಯೊಳಗೆ ನಡೆದಾಡಿದ ಅನುಭವ ಮಕ್ಕಳಿಗೆ ಇಲ್ಲಲ್ಲದೆ ಎಲ್ಲಿ ಸಿಗುತ್ತದೆಂಬ ಉತ್ತರವೂ ಬಂತು.

ದುರಸ್ತಿಯ ರೀತಿ

ಚೌಕಟ್ಟಿನ ಮೊದಲ ಶತ್ರು ನೀರು. ಎಲ್ಲಕ್ಕಿಂತ ಕೆಳಗೆ, ಗಿಡ್ಡ ಕಲ್ಲುಕಟ್ಟಡದ ಮೇಲೆ ಮಲಗಿ ಕಂಬಗಳನ್ನೆಲ್ಲ ಹೊರುವ ತೊಲೆ ಮೊದಲು ಕೊಳೆಯುತ್ತದೆ. ಹೊರಗಿನ ರಸ್ತೆಯ ಮಟ್ಟ ಶತಮಾನಗಳಲ್ಲಿ ಏರಿದ್ದರೆ ಇನ್ನೂ ಬೇಗ. 20ನೇ ಶತಮಾನದಲ್ಲಿ ಸದುದ್ದೇಶದಿಂದಲೇ ಬಳಿದ ಸಿಮೆಂಟ್ ಗಾರೆ ಇದಕ್ಕಿಂತ ಹೆಚ್ಚಿನ ಕೇಡು ಮಾಡಿತು. ಸಿಮೆಂಟು ಮರದೊಂದಿಗೆ ಜರುಗದೆ ಅಂಚಿನಲ್ಲಿ ಸೀಳುತ್ತದೆ, ಸೀಳಿನಲ್ಲಿ ಮಳೆನೀರು ಇಳಿಯುತ್ತದೆ, ಇಳಿದ ನೀರು ಹೊರಬರಲು ದಾರಿಯಿರುವುದಿಲ್ಲ. ಹೊರಗೆ ಅಚ್ಚುಕಟ್ಟಾಗಿ ಕಾಣುವ ಗೋಡೆಯ ಒಳಗೆ ಕಂಬದ ಬುಡ ಪುಡಿಪುಡಿಯಾಗಿರುತ್ತದೆ. ಹೀಗಾಗಿ ಇಂದಿನ ಬಹಳಷ್ಟು ಸಂರಕ್ಷಣೆಯ ಕೆಲಸ ಆರಂಭವಾಗುವುದು ಹಿಂದಿನ ಸಂರಕ್ಷಣೆಯನ್ನು ಕಿತ್ತುಹಾಕುವುದರಿಂದ: ಸಿಮೆಂಟ್ ಒಡೆದು ಸುಣ್ಣದ ಗಾರೆ, ಪ್ಲಾಸ್ಟಿಕ್ ಪೇಂಟ್ ತೆಗೆದು ಸುಣ್ಣ.

ಒದ್ದೆಯಾದ ಹಳೆಯ ಓಕ್‌ಗೆ ಡೆತ್‌ವಾಚ್ ಎಂಬ ದುಂಬಿ ಬೀಳುತ್ತದೆ. ವಸಂತದಲ್ಲಿ ತಲೆಯನ್ನು ಮರಕ್ಕೆ ಕುಟ್ಟಿ ಟಕಟಕ ಸದ್ದು ಮಾಡುವ ಈ ಹುಳುವಿನ ಮರಿಗಳು ವರ್ಷಗಟ್ಟಲೆ ಮರದೊಳಗೇ ಕೊರೆಯುತ್ತಿರುತ್ತವೆ. ಮರ ಒಣಗಿದರೆ ಅವು ಕಡಿಮೆಯಾಗುತ್ತವೆ. ವಿಷ ಸಿಂಪಡಿಸುವುದಕ್ಕಿಂತ ಸೋರಿಕೆ ನಿಲ್ಲಿಸುವುದೇ ಮೇಲೆಂದು ಈಗಿನ ತಜ್ಞರ ಮತ. ಕೊಳೆತ ಕಂಬವನ್ನು ಇಡಿಯಾಗಿ ತೆಗೆಯುವುದಿಲ್ಲ. ಗಟ್ಟಿ ಭಾಗದವರೆಗೆ ಕೊಯ್ದು, ಓರೆಯಾಗಿ ಕಚ್ಚು ಮಾಡಿ, ಅಷ್ಟಕ್ಕೇ ಹೊಸ ಓಕ್ ತುಂಡನ್ನು ಬೆಸೆದು ಮರದ ಮೊಳೆ ಬಡಿಯುತ್ತಾರೆ. ಹೊಸ ತುಂಡಿಗೆ ಹಳೆಯ ಬಣ್ಣ ಕಟ್ಟುವುದಿಲ್ಲ. ಕೆಲಸ ಮುಗಿದ ಮೇಲೆ ಯಾವುದು ಹಳೆಯದು, ಯಾವುದು ನಿನ್ನೆಯದು ಎಂದು ಬರಿಗಣ್ಣಿಗೇ ತಿಳಿಯಬೇಕು. ಹಳೆಯ ಮರ ಹೆಚ್ಚು ಉಳಿಯುತ್ತದೆನ್ನುವಲ್ಲಿ ಉಕ್ಕಿನ ಪಟ್ಟಿಯನ್ನೂ ಬಳಸುವುದುಂಟು.

ಮರದ ವಾರ್ಷಿಕ ಉಂಗುರಗಳ ಅಗಲವನ್ನು ಅಳೆದು ಹಳೆಯ ಮಾದರಿಗಳೊಂದಿಗೆ ಹೋಲಿಸುವ ವಿಧಾನ ಕಳೆದ ಕೆಲವು ದಶಕಗಳಲ್ಲಿ ಈ ಮನೆಗಳ ಕಾಲನಿರ್ಣಯವನ್ನೇ ಬದಲಿಸಿದೆ. ತೊಗಟೆಯ ಅಂಚು ಉಳಿದಿರುವ ತೊಲೆ ಸಿಕ್ಕರೆ ಅದನ್ನು ಕಡಿದ ವರ್ಷವನ್ನು, ಕೆಲವೊಮ್ಮೆ ಋತುವನ್ನೂ ಹೇಳಬಹುದು. ಹಸಿ ಮರವನ್ನೇ ಬಳಸುತ್ತಿದ್ದುದರಿಂದ ಕಡಿದ ವರ್ಷವೂ ಕಟ್ಟಿದ ವರ್ಷವೂ ಹೆಚ್ಚುಕಡಿಮೆ ಒಂದೇ. ಕೆತ್ತನೆಯ ಶೈಲಿ ನೋಡಿ ಊಹಿಸಿದ್ದ ಎಷ್ಟೋ ತೇದಿಗಳು ಇದರಿಂದ ಹಿಂದುಮುಂದಾಗಿವೆ.

ವಾಸವಿರುವ ಮನೆಗಳಿಗೆ ಈಗ ಚಳಿಯದೇ ದೊಡ್ಡ ಸಮಸ್ಯೆ. ತೆಳುವಾದ ಮಣ್ಣಿನ ಗೋಡೆ ಶಾಖ ಹಿಡಿದಿಡುವುದಿಲ್ಲ, ಒಣಗಿದ ಮರದ ಅಂಚುಗಳಿಂದ ಗಾಳಿ ನುಗ್ಗುತ್ತದೆ. ಆದರೆ ಸಾಮಾನ್ಯ ಶಾಖನಿರೋಧಕ ಹಾಳೆಗಳು ತೇವವನ್ನು ಮರದ ಬೆನ್ನಿಗೆ ಕೂಡಿಡುತ್ತವೆ. ಮೂಲ ತಡಿಕೆ ಉಳಿದಿದ್ದರೆ ಅದನ್ನು ಮುಟ್ಟದೆ, ಮೊದಲೇ ಕಳೆದುಹೋದ ಕಡೆಗಳಲ್ಲಿ ಮರನಾರಿನ ಹಲಗೆ, ಸೆಣಬಿನ ಜಾತಿಯ ಹೆಂಪ್ ಗಿಡದ ಚೂರುಗಳನ್ನು ಬೆರೆಸಿದ ಸುಣ್ಣಗಳನ್ನು ತುಂಬುವುದು ಈಗಿನ ರೂಢಿ.

ದುರಸ್ತಿಗಾಗಿ ಹಳೆಯ ಕೀಲುಗಳನ್ನು ಬಿಚ್ಚಿ ನೋಡಿ ಕಲಿತ ಬಡಗಿಗಳಿಂದ ಹಸಿ ಓಕ್‌ನ ಕಸುಬೇ ಮರುಹುಟ್ಟು ಪಡೆಯಿತು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 1997ರಲ್ಲಿ ತೆರೆದ ಶೇಕ್ಸ್‌ಪಿಯರ್ ಗ್ಲೋಬ್ ರಂಗಮಂದಿರವನ್ನು ಕಟ್ಟಿದವರು ಇಂಥ ಕುಶಲಿಗಳು. ಅಲ್ಲಿನ ಚೌಕಟ್ಟು ಹಸಿ ಓಕ್‌ನದು, ಕೀಲುಗಳಿಗೆ ಓಕ್ ಮೊಳೆ, ಗೋಡೆಗೆ ಸುಣ್ಣದ ಗಾರೆ. ನೀರು ಚಿಮ್ಮುವ ಕೊಳವೆಗಳ ಕಾವಲಿನೊಂದಿಗೆ, 1666ರ ಬೆಂಕಿಯ ನಂತರ ಲಂಡನ್ನಿನ ನಡುಭಾಗದಲ್ಲಿ ಛಾವಣಿಗೆ ಹುಲ್ಲು ಹೊದಿಸಲು ಮೊದಲ ಬಾರಿಗೆ ಅನುಮತಿ ಸಿಕ್ಕಿದ್ದೂ ಈ ಕಟ್ಟಡಕ್ಕೇ.